ಎಡಗಡೆಯ ಬಾಗಿಲು

ಅವಳಿಗೆ ತಕ್ಕಡಿ ಅಂತ ಹೆಸರಿಟ್ಟವರು ಭಾವ. ಅಕ್ಕನ ಮದುವೆಯಾದ ಹೊಸತು. ಅವಳಿಗೆ ಆಗ ಹನ್ನೆರಡೋ ಹದಿಮೂರೋ. ಒಂದು ಕಿತ್ತಳೆ ಹಣ್ಣನ್ನು ಮೂವರಿಗೆ ಹಂಚುವಾಗ ತೊಳೆ ಎಣಿಸಿ, ಉಳಿದ ಒಂದು ತೊಳೆಯನ್ನೂ ಮೂರು ಚೂರು ಮಾಡಿದ್ದನ್ನು ನೋಡಿ ಅವರು ಬಿದ್ದು ಬಿದ್ದು ನಕ್ಕಿದ್ದರು. "ನಿನ್ನ ತಂಗಿ ಹುಡುಗಿಯಲ್ಲ ಕಣೇ, ತಕ್ಕಡಿ!" ಅಂದರು ಅಕ್ಕನಿಗೆ. ಅಂದಿನಿಂದ ಮನೆಯಲ್ಲಿ, ಬೀದಿಯಲ್ಲಿ, ಕೊನೆಗೆ ಕೆಲಸದ ಕಡೆಯೂ ಅದೇ ಹೆಸರು ನಿಂತಿತು.

ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ತೀರಿಕೊಂಡ ವರ್ಷ ಅವಳು ಅಕ್ಕನ ಮನೆ ಸೇರಿದಳು. ಎರಡೇ ಕೋಣೆಯ ಮನೆ. ಭಾವ ಸಿಟಿ ಬಸ್ಸಿನ ಡ್ರೈವರು. ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಡುವ ಮುಂಚೆ ತಾವೇ ಚಹಾ ಮಾಡಿ, ಅವಳ ಲೋಟದ ಮೇಲೊಂದು ತಟ್ಟೆ ಮುಚ್ಚಿಟ್ಟು ಹೋಗುತ್ತಿದ್ದರು. ಪರೀಕ್ಷೆಯ ದಿನ ಅವಳ ಸ್ಟಾಪಿನಲ್ಲಿ ಅರ್ಧ ನಿಮಿಷ ಹೆಚ್ಚಿಗೆ ನಿಲ್ಲಿಸಿ ಪ್ರಯಾಣಿಕರಿಂದ ಬೈಸಿಕೊಂಡದ್ದೂ ಉಂಟು. ಅವಳು ಓದಿ ಗಣಿತದ ಟೀಚರ್ ಆದಳೆಂದರೆ ಅದರಲ್ಲಿ ಮುಕ್ಕಾಲು ಪಾಲು ಅವರದ್ದೇ.

ಹನ್ನೊಂದು ವರ್ಷ ಪಾಠ ಮಾಡಿದಳು. ಪಾಠಕ್ಕಿಂತ ಅವಳ ಪ್ರಶ್ನೆಪತ್ರಿಕೆಗೆ ಹೆಸರು ಹೆಚ್ಚು. ದಡ್ಡನಿಗೂ ಕೈಗೆಟುಕುವ ಒಂದು ಪ್ರಶ್ನೆ, ಜಾಣನಿಗೂ ಬೆವರಿಳಿಸುವ ಒಂದು ಪ್ರಶ್ನೆ, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುವಂಥವು. ಅವಳ ತರಗತಿಯಲ್ಲಿದ್ದ ಒಬ್ಬ ಹುಡುಗಿಯ ತಂದೆ ಅದನ್ನು ಗಮನಿಸಿದ್ದರು. ಅವರದ್ದು ವಿಡಿಯೋ ಗೇಮ್ ಮಾಡುವ ಸಣ್ಣ ಕಂಪನಿ. "ಮೇಡಂ, ನಮ್ಮ ಆಟದಲ್ಲಿ ಜನ ಒಂದೋ ಬೇಜಾರಾಗಿ ಬಿಟ್ಟು ಹೋಗ್ತಾರೆ, ಇಲ್ಲ ಸೋತು ಸೋತು ಬಿಟ್ಟು ಹೋಗ್ತಾರೆ. ನಡುವಿನ ದಾರಿ ನಿಮಗೆ ಗೊತ್ತಿದೆ, ಬನ್ನಿ" ಅಂದರು. ಅವಳು ಹೋದಳು.

ಟಯರ್ ಅಂಗಡಿಯೊಂದರ ಮೇಲಿನ ಮಹಡಿ. ಮೆಟ್ಟಿಲು ಹತ್ತುವಾಗಲೇ ರಬ್ಬರಿನ ವಾಸನೆ ಬಟ್ಟೆಗೆ ಹತ್ತಿಕೊಳ್ಳುತ್ತಿತ್ತು. ಒಳಗೆ ಹದಿನೆಂಟು ಜನ. ಆಟದೊಳಗಿನ ಹೊಡೆದಾಟ ತೂಗುವುದು ಅವಳ ಕೆಲಸ. ಯಾವ ವೈರಿ ಎಷ್ಟು ಜೋರಾಗಿ ಹೊಡೆಯಬೇಕು, ಹೊಡೆಯುವ ಮುಂಚೆ ಎಷ್ಟು ಹೊತ್ತು ಸುಳಿವು ಕೊಡಬೇಕು, ಆಡುವವರು ಎಷ್ಟನೇ ಸಲಕ್ಕೆ ಗೆಲ್ಲಬೇಕು, ಇವೆಲ್ಲ ಅವಳ ಪಟ್ಟಿಯಲ್ಲಿ ಅಂಕಿಗಳಾಗಿ ಕೂತಿರುತ್ತಿದ್ದವು. ಒಂದು ಅಂಕಿ ಬದಲಾಯಿಸಿದರೆ ಪರದೆಯ ಮೇಲಿನ ರಾಕ್ಷಸ ಒಂದು ಕ್ಷಣ ತಡವಾಗಿ ಕೈ ಎತ್ತುತ್ತಿದ್ದ.

ಕಥೆ ಬರೆಯುವವರು ಬೇರೆ. ಅರವತ್ತು ದಾಟಿದ, ಹಿಂದೆ ರೇಡಿಯೋ ನಾಟಕ ಬರೆಯುತ್ತಿದ್ದ ಮನುಷ್ಯ. ಎಲ್ಲರೂ ಕಥೆ ಮೇಷ್ಟ್ರು ಅನ್ನುತ್ತಿದ್ದರು. ಪೆನ್ಸಿಲಿನ ತುದಿ ಕಚ್ಚುವ ಚಟ ಅವರಿಗೆ. ಆ ವರ್ಷ ಅವರು ಬರೆದ ಕಥೆಯಲ್ಲಿ ಒಬ್ಬ ಕಲ್ಲುಕೆಲಸದ ಹೆಂಗಸು ಕಳೆದುಹೋದ ತಮ್ಮನನ್ನು ಹುಡುಕುತ್ತ ಒಂದು ಕೋಟೆಯೊಳಗೆ ನುಗ್ಗುತ್ತಾಳೆ. ಕೊನೆಯ ಅಂಗಳದಲ್ಲಿ ಮುಖವಾಡ ತೊಟ್ಟ ಕಾವಲುಗಾರ ಅಡ್ಡ ನಿಲ್ಲುತ್ತಾನೆ. ಅವನನ್ನು ಸೋಲಿಸಿದ ಮೇಲೆ ಮುಖವಾಡ ಕಳಚುತ್ತದೆ. ಒಳಗಿರುವುದು ತಮ್ಮನ ಮುಖ.

ಆ ಕಾವಲುಗಾರನ ವಿಷಯದಲ್ಲಿ ಇಬ್ಬರಿಗೂ ದಿನಾ ಜಟಾಪಟಿ.

"ನಿಜವಾಗ್ಲೂ ಸತ್ತೇ ಹೋಗ್ತೀನಿ ಅನ್ನೋ ಭಯ ಹುಟ್ಟದಿದ್ರೆ, ಮುಖವಾಡ ಬಿದ್ದಾಗ ಯಾರ ಕರುಳೂ ಚುರ್ ಅನ್ನಲ್ಲ ಮೇಡಂ" ಅನ್ನುತ್ತಿದ್ದರು ಮೇಷ್ಟ್ರು.

"ಮೂವತ್ತು ಸಲ ಸತ್ತವನಿಗೆ ಕರುಳು ಚುರ್ ಅನ್ನಲ್ಲ ಮೇಷ್ಟ್ರೇ, ತಲೆ ಗಿರ್ ಅನ್ನುತ್ತೆ. ತಮ್ಮನೋ ಅಣ್ಣನೋ, ಸತ್ರೆ ಸಾಕಪ್ಪಾ ಅಂತಾನೆ" ಅನ್ನುತ್ತಿದ್ದಳು ತಕ್ಕಡಿ.

"ಹಾಗಾದ್ರೆ ಕಾವಲುಗಾರನ ಕೈಗೆ ನವಿಲುಗರಿ ಕೊಡೋಣವಾ?"

ಕೊನೆಗೆ ಆ ಹೊಡೆದಾಟದಲ್ಲಿ ಮೂರು ಏಟು ಅಂತ ತೀರ್ಮಾನವಾಯಿತು. ಕಾವಲುಗಾರನ ಕತ್ತಿ ಬಲಗಡೆಯಿಂದ ಬರುತ್ತದೆ. ಮೇಲಿನಿಂದ ಒಂದು ಕಲ್ಲು ಬೀಳುತ್ತದೆ. ಮತ್ತು ಪರದೆಯ ಎಡ ಅಂಚಿನಲ್ಲಿ ಒಂದು ಸಣ್ಣ ಬಾಗಿಲು ತೆರೆದುಕೊಂಡು ಅಲ್ಲಿಂದ ಈಟಿ ಹಾರಿಬರುತ್ತದೆ. ಬಾಗಿಲು ತೆರೆದದ್ದಕ್ಕೂ ಈಟಿ ತಗುಲುವುದಕ್ಕೂ ನಡುವೆ ಒಂದು ಸೆಕೆಂಡಿಗೂ ಸ್ವಲ್ಪ ಕಡಿಮೆ ಹೊತ್ತು. ಬಾಗಿಲಿನ ಸದ್ದನ್ನು ಆಮೇಲೆ ಸೇರಿಸುವುದೆಂದು ಬಿಟ್ಟಿದ್ದರು.

ಆಡಿ ನೋಡಲು ಹನ್ನೆರಡು ಜನ ಬೇಕಾಗಿತ್ತು. ಆಟದಲ್ಲೇ ಮುಳುಗಿದವರು ಬೇಡ, ಮಾಮೂಲಿ ಜನ ಬೇಕು ಅಂದಳು ತಕ್ಕಡಿ. ಬೇಕರಿಯವಳು, ಲೈಬ್ರರಿಯ ಗುಮಾಸ್ತ, ಇಬ್ಬರು ನರ್ಸುಗಳು, ಹೀಗೆ ಜನ ಸೇರಿದರು. ಹನ್ನೊಂದನೆಯವರಾಗಿ ಅವಳು ತನ್ನ ಭಾವನನ್ನೇ ಕರೆತಂದಳು. ಪ್ರತಿ ಭಾನುವಾರ ಮಧ್ಯಾಹ್ನ ಎರಡು ಗಂಟೆ ಆಡಬೇಕು. ಪ್ರತಿ ಏಟಿನ ದಾಖಲೆ ತಾನಾಗಿಯೇ ಕಂಪ್ಯೂಟರಿನಲ್ಲಿ ಸೇರುತ್ತಿತ್ತು. ಅಲ್ಲಿ ಯಾರಿಗೂ ಹೆಸರಿಲ್ಲ, ಬರೀ ನಂಬರು.

"ದಿನಾ ಐವತ್ತು ಜನರನ್ನ ಹೊತ್ಕೊಂಡು ಇಡೀ ಊರು ಸುತ್ತೋನು ನಾನು. ನಿನ್ನ ಈ ಗೊಂಬೆ ಯಾವ ಲೆಕ್ಕ?" ಅಂದರು ಭಾವ ಮೊದಲ ದಿನ. ಹತ್ತೇ ನಿಮಿಷದಲ್ಲಿ ಮೂಗಿನ ಮೇಲೆ ಬೆವರು. ಆದರೂ ಬಿಡಲಿಲ್ಲ. ಮೂರನೆಯ ಭಾನುವಾರಕ್ಕೆ ಕತ್ತಿಯ ಏಟು ತಪ್ಪಿಸಿಕೊಳ್ಳುವುದು ಕರಗತವಾಯಿತು. ಕಲ್ಲುಕೆಲಸದವಳ ಮೇಲೆ ಅವರಿಗೆ ಎಂಥ ಮಮತೆ ಹುಟ್ಟಿತೆಂದರೆ, ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವಳದ್ದೇ ಮಾತು. "ಪಾಪ, ತಮ್ಮನಿಗೋಸ್ಕರ ಎಷ್ಟು ಏಟು ತಿಂತಾಳೆ ನೋಡು" ಅನ್ನುತ್ತಿದ್ದರಂತೆ. ಅಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಎಂಟು ವಾರ ಕಳೆದವು. ಒಂದು ವಿಚಿತ್ರ ಶುರುವಾಗಿತ್ತು. ವಾರ ಕಳೆದಂತೆ ಜನ ಪಳಗಬೇಕು. ಕತ್ತಿಯ ಏಟು, ಕಲ್ಲಿನ ಏಟು ಎರಡರಲ್ಲೂ ಹಾಗೇ ಆಗುತ್ತಿತ್ತು. ಎಡಗಡೆಯ ಈಟಿಯ ಸರಾಸರಿ ಮಾತ್ರ ಮೇಲೇರುವ ಬದಲು ಜಾರುತ್ತಿತ್ತು. ಬೆಟ್ಟು ಮಾಡಿ ತೋರಿಸುವಷ್ಟೇನಲ್ಲ. ಗೋಡೆಯಲ್ಲಿ ತೇವ ಇಳಿಯುವ ಹಾಗೆ, ವಾರಕ್ಕಿಷ್ಟು.

ಈಟಿ ಬಹಳ ಬೇಗ ಬರುತ್ತಿರಬೇಕು ಅಂದುಕೊಂಡಳು ತಕ್ಕಡಿ. ಯಾರನ್ನೂ ಕೇಳದೆ ಆ ಅಂಕಿಯನ್ನು ಒಂದೂವರೆ ಸೆಕೆಂಡಿಗೆ ಏರಿಸಿದಳು. ಬಾಗಿಲು ಈಗ ಸೋಮಾರಿಯ ಹಾಗೆ ತೆರೆದುಕೊಂಡು, ನೋಡಿ ನೋಡಿ ಅಂತ ಕಾದು, ಆಮೇಲೆ ಈಟಿ ಬಿಡುತ್ತಿತ್ತು.

ಮರುಭಾನುವಾರ ಭಾವ ಗೆದ್ದರು. ಕಾವಲುಗಾರ ಮಂಡಿಯೂರಿದ, ಮುಖವಾಡ ಬಿತ್ತು, ತಮ್ಮ ಕಣ್ಣು ತೆರೆದು "ಅಕ್ಕಾ" ಅಂದ. ಐವತ್ತೆರಡು ವರ್ಷದ ಭಾವ ಕರ್ಚೀಫು ಹುಡುಕಿ ಸಿಗದೆ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡರು. ತಕ್ಕಡಿಗೆ ತನ್ನ ಕೆಲಸದ ಬಗ್ಗೆ ಅಷ್ಟು ಖುಷಿ ಅದುವರೆಗೆ ಆಗಿರಲಿಲ್ಲ.

ಸೋಮವಾರ ಮೇಷ್ಟ್ರು ಕೆಂಡಾಮಂಡಲ. "ನನ್ನ ಕಾವಲುಗಾರನನ್ನ ಕುರಿ ಮಾಡಿಟ್ಟಿದ್ದೀರಿ! ಉಳಿದ ಹನ್ನೊಂದು ಜನ ಆಕಳಿಸ್ತಾ ಗೆದ್ದಿದ್ದಾರೆ. ಬೇಕರಿಯವಳು ಮುಖವಾಡ ಬಿದ್ದಾಗ ಫೋನ್ ನೋಡ್ತಿದ್ಲು."

"ಈಟಿ ಯಾರಿಗೂ ತಪ್ಪಿಸೋಕೆ ಆಗ್ತಿರಲಿಲ್ಲ ಮೇಷ್ಟ್ರೇ. ಅಂಕಿಯೇ ಹೇಳುತ್ತೆ."

"ಯಾರಿಗೆ? ಒಬ್ಬೊಬ್ಬರದ್ದೂ ತೋರಿಸಿ. ನಿಮ್ಮ ಸರಾಸರಿಯ ಮುಖಕ್ಕೆ ಕಣ್ಣು ಮೂಗು ಇಲ್ಲ."

ಮಂಗಳವಾರ ಬೆಳಿಗ್ಗೆ, ಮೇಷ್ಟ್ರ ಬಾಯಿ ಮುಚ್ಚಿಸುವ ಒಂದೇ ಹಟದಿಂದ, ಅವಳು ಹನ್ನೆರಡು ಜನರ ದಾಖಲೆಯನ್ನು ಬಿಡಿಬಿಡಿಯಾಗಿ ಹರವಿದಳು. ಹನ್ನೊಂದು ಗೆರೆಗಳು ಒಂದಿಷ್ಟಿಷ್ಟೇ ಮೇಲಕ್ಕೆ ಏರುತ್ತಿದ್ದವು. ಒಂದು ಗೆರೆ ಮಾತ್ರ ಕಡಿದಾಗಿ ಕೆಳಕ್ಕೆ. ಹನ್ನೊಂದನೆಯ ನಂಬರಿನವರು ಮೊದಲ ವಾರ ಹತ್ತು ಈಟಿಯಲ್ಲಿ ಏಳು ತಪ್ಪಿಸಿಕೊಂಡಿದ್ದರು. ನಾಲ್ಕನೇ ವಾರ ಐದು. ಏಳನೇ ವಾರ ಎರಡು. ಎಂಟನೇ ವಾರ ಒಂದೂ ಇಲ್ಲ. ಅದೇ ಮನುಷ್ಯ ಬಲಗಡೆಯ ಕತ್ತಿಯನ್ನು ಹತ್ತಕ್ಕೆ ಒಂಬತ್ತು ಸಲ ತಪ್ಪಿಸಿಕೊಂಡಿದ್ದರು.

ಅವಳು ಪಟ್ಟಿಯನ್ನು ಇನ್ನೊಮ್ಮೆ ನೋಡಿದಳು. ಈಟಿಗೆ ತಡವಾಗಿ ಹಾರಿದ್ದಲ್ಲ, ತಪ್ಪು ಗುಂಡಿ ಒತ್ತಿದ್ದೂ ಅಲ್ಲ. ಕೊನೆಯ ವಾರಗಳಲ್ಲಿ ಅವರು ಏನನ್ನೂ ಒತ್ತಿರಲಿಲ್ಲ. ಬಾಗಿಲು ತೆರೆದಿತ್ತು, ಈಟಿ ಬಂದಿತ್ತು, ಅವರ ಕೈ ಅಲುಗಿರಲೇ ಇಲ್ಲ.

ಕೆಳಗೆ ಅಂಗಡಿಯಲ್ಲಿ ಯಾರೋ ಟಯರಿಗೆ ಗಾಳಿ ತುಂಬುತ್ತಿದ್ದರು. ತಕ್ಕಡಿ ಆ ಹನ್ನೊಂದರ ಮೇಲೆ ಬೆರಳಿಟ್ಟಳು, ಅದು ಭಾವನ ನಂಬರು. ತಿಂಗಳ ಹಿಂದೆ ಅಕ್ಕ ಫೋನಿನಲ್ಲಿ ಗೊಣಗಿದ್ದಳು: "ನಿಮ್ಮ ಭಾವ ಬಸ್ಸಿನ ಎಡಗಡೆ ಕನ್ನಡಿ ಮತ್ತೆ ಕಂಬಕ್ಕೆ ತಾಗಿಸಿದ್ದಾರೆ. ಎರಡನೇ ಸಲ. ಡಿಪೋದಲ್ಲಿ ನೋಟಿಸು ಕೊಟ್ಟಿದ್ದಾರೆ." ಆಫೀಸಿನ ಬಾಗಿಲು ದಾಟುವಾಗ ಭಾವ ಎಡಭುಜ ಚೌಕಟ್ಟಿಗೆ ಹೊಡೆದುಕೊಂಡು, "ಈ ಬಾಗಿಲು ಯಾವಾಗ ಚಿಕ್ಕದಾಯ್ತು?" ಅಂತ ನಕ್ಕಿದ್ದು ನೆನಪಾಯಿತು. ತಾನೂ ಜೊತೆಗೆ ನಕ್ಕಿದ್ದಳು.

ಆ ಕ್ಷಣವೇ ಎದ್ದು ಹೋಗಬೇಕಿತ್ತು. ಹಾಗಂತ ಮುಂದೆ ಅವಳು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಆದರೆ ಅವಳು ಟೀಚರು. ಒಂದು ಉತ್ತರಪತ್ರಿಕೆ ನೋಡಿ ಹುಡುಗನನ್ನು ಫೇಲು ಮಾಡಿದವಳಲ್ಲ. ಇನ್ನೊಂದು ಭಾನುವಾರದ ಅಂಕಿ ಬರಲಿ, ಖಾತ್ರಿ ಮಾಡಿಕೊಂಡು ಹೇಳೋಣ ಅಂದುಕೊಂಡಳು.

ಆ ಭಾನುವಾರ ಭಾವ ಒಬ್ಬರೇ ಬರಲಿಲ್ಲ, ಅಕ್ಕನನ್ನೂ ಕರೆತಂದಿದ್ದರು. ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಸಿನಿಮಾಕ್ಕೆ ಬಂದವಳ ಹಾಗೆ ಕುರ್ಚಿ ಎಳೆದುಕೊಂಡು ಕೂತಳು. "ನೋಡ್ತಿರು, ಒಂದೇ ಏಟಿಗೆ" ಅಂದರು ಭಾವ. ಬಾಗಿಲು ಇನ್ನೂ ಸೋಮಾರಿಯಾಗಿಯೇ ತೆರೆಯುತ್ತಿತ್ತು. ತಕ್ಕಡಿ ಈ ಸಲ ಪರದೆ ನೋಡಲಿಲ್ಲ, ಭಾವನ ಮುಖ ನೋಡಿದಳು. ಆಗಾಗ ಅವರ ತಲೆ ಸರಕ್ಕನೆ ಎಡಕ್ಕೆ ತಿರುಗಿ ಬರುತ್ತಿತ್ತು, ಯಾರೋ ಕರೆದಂತೆ. ಹಾಗೆ ತಿರುಗಿದಾಗ ಮಾತ್ರ ಬಾಗಿಲು ಕಾಣುತ್ತಿತ್ತು ಅವರಿಗೆ. ಹಾಗೆ ತಿರುಗುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ.

ಗೆದ್ದರು. ಅಕ್ಕ ಚಪ್ಪಾಳೆ ತಟ್ಟಿದಳು. "ಅಂತೂ ನಿಮ್ಮ ಭಾವ ಒಂದು ಕೋಟೆ ಗೆದ್ದರಪ್ಪ" ಅಂದಳು. ಅವರಿಬ್ಬರ ಮುಖದ ಆ ಬೆಳಕಿನಲ್ಲಿ ತಕ್ಕಡಿಯ ನಾಲಿಗೆ ಏಳಲಿಲ್ಲ.

ಅವಳ ಬಾಯಿ ಬಿಡಿಸಿದವರು ಕಥೆ ಮೇಷ್ಟ್ರು. ಬುಧವಾರ ಚಹಾ ಹೊತ್ತಿಗೆ ಅವಳ ಮೇಜಿನ ಹತ್ತಿರ ಬಂದು, "ಯಾಕೆ ಮೇಡಂ, ಎರಡು ದಿನದಿಂದ ಜಗಳಕ್ಕೇ ಬಂದಿಲ್ಲ?" ಅಂದರು. ಅವಳು ಎಲ್ಲ ಹೇಳಿದಳು. ಮೇಷ್ಟ್ರು ಕಚ್ಚುತ್ತಿದ್ದ ಪೆನ್ಸಿಲು ಬಾಯಿಂದ ತೆಗೆದರು.

"ಅವರು ಬಸ್ ಡ್ರೈವರಲ್ವಾ?"

"ಹೌದು."

"ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ?"

ಆ ಸಂಜೆ ಅವಳು ಅಕ್ಕನ ಮನೆಗೆ ಹೋದಳು. ಭಾವ ಆಗತಾನೆ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದರು. ಅವರ ತಲೆಯ ಮೇಲೆ ಗೋಡೆಯಲ್ಲಿ, ಇಪ್ಪತ್ತಾರು ವರ್ಷ ಒಂದೂ ಅಪಘಾತವಿಲ್ಲದೆ ಓಡಿಸಿದ್ದಕ್ಕೆ ಡಿಪೋದವರು ಕೊಟ್ಟ ಪ್ರಶಸ್ತಿಪತ್ರ. ಅವಳು ಅದರ ಕೆಳಗೆ ಕೂತು, ತಾನು ಕಂಡದ್ದನ್ನು ಆದಷ್ಟು ಮೆತ್ತಗೆ ಹೇಳಿದಳು.

ಭಾವ ಮೊದಲು ನಕ್ಕರು. "ನಿನ್ನ ಗೊಂಬೆಯಾಟದಲ್ಲಿ ನಾಲ್ಕು ಸಲ ಸತ್ತಿದ್ದಕ್ಕೆ ನನ್ನ ಕೈಯಿಂದ ಸ್ಟೀರಿಂಗ್ ಕಿತ್ಕೋತೀಯಾ?"

"ಕಿತ್ಕೋತಿಲ್ಲ ಭಾವ. ಒಂದು ಸಲ ಡಾಕ್ಟರ್ ಹತ್ರ ತೋರಿಸಿ. ಅಲ್ಲಿವರೆಗೆ ರಜೆ ಹಾಕಿ."

"ವರ್ಷ ವರ್ಷ ಕಣ್ಣು ಪರೀಕ್ಷೆ ಮಾಡ್ತಾರೆ ಡಿಪೋದಲ್ಲಿ. ಗೋಡೆ ಮೇಲಿನ ಕೊನೇ ಸಾಲನ್ನೂ ಓದ್ತೀನಿ. ಮತ್ತೆ ಎರಡು ವಾರದಿಂದ ಗೆಲ್ತಾ ಇದ್ದೀನಲ್ಲ, ಅದಕ್ಕೇನಂತೀಯ?"

ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಾನು ಸುಲಭ ಮಾಡಿದ್ದೆ ಭಾವ. ಅದಕ್ಕೇ ಗೆದ್ರಿ."

ಭಾವ ಬಿಚ್ಚಿದ ಶೂವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು. "ನನಗೆ ಗೊತ್ತಾಗದ ಹಾಗೆ ನನ್ನನ್ನ ಗೆಲ್ಲಿಸಿದ್ಯಾ?" ಅಂದರು. ಕಾಯಿಲೆಯ ಮಾತಿಗಿಂತ ಆ ಮಾತು ಅವರನ್ನು ಹೆಚ್ಚು ಚುಚ್ಚಿತ್ತು.

ಅಕ್ಕ ಅಡಿಗೆಮನೆಯಿಂದ ಬಂದು ನಿಂತಿದ್ದಳು. "ಸಾಕಿ ಸಲಹಿದ್ದಕ್ಕೆ ಇದಾ ನೀನು ಮಾಡೋದು? ಡಿಪೋದವರ ಕಿವಿಗೆ ಬಿದ್ರೆ ನಾಳೆಯೇ ಮನೆಗೆ ಕಳಿಸ್ತಾರೆ ಇವರನ್ನ. ಎದ್ದು ಹೋಗು."

"ಭಾನುವಾರ ಬರ್ತೀನಿ" ಅಂದರು ಭಾವ, ಅವಳು ಬಾಗಿಲ ಹತ್ತಿರ ಹೋದಾಗ. "ಮೊದಲಿನ ಹಾಗೇ ಇಡು. ಒಂದು ಕೂದಲೆಳೆಯಷ್ಟೂ ಸುಲಭ ಮಾಡಬೇಡ."

ಬಂದರು. ಅವತ್ತು ಉಳಿದ ಹನ್ನೊಂದು ಜನರಿಗೆ ಬರಬೇಡಿ ಅಂದಿದ್ದಳು. ಕೋಣೆಯಲ್ಲಿ ಅವಳು, ಭಾವ, ಬಾಗಿಲಿಗೆ ಒರಗಿದ ಮೇಷ್ಟ್ರು. ಕಿಟಕಿಯ ಪರದೆ ಎಳೆದು, ಅವಳು ಹಳೆಯ ಅಂಕಿಯನ್ನೇ ಇಟ್ಟಳು.

ಮೊದಲ ಸಲ ಸತ್ತರು. ಎರಡನೇ ಸಲ ಸತ್ತರು. ಕತ್ತಿಯನ್ನು ಚೆನ್ನಾಗಿ ತಪ್ಪಿಸಿಕೊಳ್ಳುತ್ತಿದ್ದರು, ಕಲ್ಲಿಗೆ ಸರಿಯಾಗಿ ಹಿಂದೆ ಸರಿಯುತ್ತಿದ್ದರು. ಆಮೇಲೆ ಎಲ್ಲೂ ಇಲ್ಲದ ಈಟಿಯೊಂದು ಪಕ್ಕೆಗೆ ನಾಟಿಕೊಳ್ಳುತ್ತಿತ್ತು. ಐದು. ಎಂಟು. ಪ್ರತಿ ಸಲ ಕಲ್ಲುಕೆಲಸದವಳು ಒಂದೇ ರೀತಿ ನರಳಿ ಬೀಳುತ್ತಿದ್ದಳು, ಪರದೆ ಕಪ್ಪಾಗುತ್ತಿತ್ತು, ಮತ್ತೆ ಅಂಗಳ. ಹದಿನಾಲ್ಕನೇ ಸಲ ಬಿದ್ದಾಗ ತಕ್ಕಡಿ ಆಟ ನಿಲ್ಲಿಸಿದಳು.

"ಭಾವ, ಬಾಗಿಲು ಕಂಡ್ತಾ?"

"ಎಲ್ಲಿ? ಇವತ್ತು ಬಾಗಿಲು ತೆರೀಲೇ ಇಲ್ವಲ್ಲ" ಅಂದರು ಭಾವ.

ಅವಳು ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಭಾವ ತಲೆ ತಿರುಗಿಸಿ ಆ ಬೆರಳನ್ನು ನೋಡಿದರು, ಬೆರಳಿನ ಕೆಳಗಿದ್ದ ಬಾಗಿಲನ್ನು ನೋಡಿದರು. "ಇದು ಪ್ರತಿ ಸಲಾನೂ ತೆರೆದಿತ್ತಾ?"

"ತೆರೆದಿತ್ತು."

ಅವರು ಎದ್ದು ಕೋಟು ಹಾಕಿಕೊಂಡರು. ಎಡತೋಳು ಸಿಗಲಿಲ್ಲ, ಮೇಷ್ಟ್ರು ಹಿಡಿದುಕೊಟ್ಟರು. "ಮುಂದಿನ ವಾರ ರಜೆ ಕೇಳ್ತೀನಿ. ಈ ವಾರ ಆಗಲ್ಲ, ಇಬ್ಬರು ಡ್ರೈವರು ಮೊದಲೇ ರಜೆಯಲ್ಲಿದ್ದಾರೆ" ಅಂದು, ಅವಳ ಮಾತಿಗೆ ಕಾಯದೆ ಮೆಟ್ಟಿಲಿಳಿದರು.

ಸೋಮವಾರ ಬೆಳಿಗ್ಗೆ ತಕ್ಕಡಿ ಡಿಪೋದ ಮುಂದಿನ ಸ್ಟಾಪಿನಲ್ಲಿ ನಿಂತಿದ್ದಳು. ಡಿಪೋಗೆ ಹೋಗಿ ಮೇಲಧಿಕಾರಿಗೆ ಹೇಳಬೇಕೆಂದು ಬಂದವಳು, ಗೇಟಿನವರೆಗೆ ಹೋಗಿ ಹಿಂದಿರುಗಿದ್ದಳು. ಲೋಟದ ಮೇಲೆ ತಟ್ಟೆ ಮುಚ್ಚಿಟ್ಟ ಮನುಷ್ಯನ ಮೇಲೆ ಚಾಡಿ ಹೇಳಲು ಕಾಲು ಬರಲಿಲ್ಲ. ಬಸ್ಸು ಬಂತು. ಹತ್ತಿ, ಮುಂದಿನ ಸೀಟಿನಲ್ಲಿ ಎಡಗಡೆಯ ಕಿಟಕಿಗೆ ಕೂತಳು. ಭಾವ ಅವಳನ್ನು ನೋಡಿ ಗೇರು ಹಾಕಿದರು.

ಭಾವ ಎಂದಿನ ಹಾಗೇ ಹದವಾಗಿ ಓಡಿಸುತ್ತಿದ್ದರು, ಬ್ರೇಕು ಹಾಕಿದ್ದೂ ಗೊತ್ತಾಗದ ಹಾಗೆ. ಪ್ರತಿ ಸ್ಟಾಪಿನಲ್ಲಿ ಬಸ್ಸು ಫುಟ್‌ಪಾತಿಗೆ ಸ್ವಲ್ಪ ಹೆಚ್ಚೇ ತಾಗುತ್ತಿತ್ತು. ಒಂದು ಕಡೆ ಕಾಯುತ್ತಿದ್ದ ಹೆಂಗಸು ಗಾಬರಿಯಿಂದ ಹಿಂದೆ ಸರಿದಳು. ತಕ್ಕಡಿ ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ಎಡಗಡೆಯ ಒಂದೊಂದು ಅಂಗಡಿ, ಒಂದೊಂದು ಕಂಬ, ಒಂದೊಂದು ಸೈಕಲ್ಲನ್ನು ಕಣ್ಣಲ್ಲೇ ತಡೆದು ನಿಲ್ಲಿಸುವವಳ ಹಾಗೆ ನೋಡುತ್ತ ಕೂತಳು. ಹನ್ನೊಂದು ಸ್ಟಾಪು ದಾಟಿತು. ಹನಿ ಶುರುವಾಯಿತು.

ಅಂಚೆ ಕಚೇರಿಯ ತಿರುವಿನಲ್ಲಿ ಕೊಡೆ ಹಿಡಿದ ಒಬ್ಬ ಮುದುಕರು ಫುಟ್‌ಪಾತಿನಿಂದ ರಸ್ತೆಗಿಳಿದರು. ಅವಸರವಿರಲಿಲ್ಲ ಅವರಿಗೆ. ಬಸ್ಸನ್ನು ನೋಡಿದರು, ಡ್ರೈವರ್ ತಮ್ಮನ್ನು ನೋಡಿರುತ್ತಾನೆ ಅಂದುಕೊಂಡು ಕೈ ಎತ್ತಿ ದಾಟತೊಡಗಿದರು. ಭಾವನ ಮುಖ ನೆಟ್ಟಗೆ ಮುಂದಕ್ಕೆ ಇತ್ತು. ಕಾಲು ಬ್ರೇಕಿನತ್ತ ಹೋಗಲೇ ಇಲ್ಲ.

"ಎಡಗಡೆ! ಭಾವಾ, ಎಡಗಡೆ ನೋಡಿ!"

ಬಸ್ಸು ಕಿರುಚಿ ನಿಂತಿತು. ಹಿಂದೆ ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಡಬ್ ಅನ್ನುವ ಒಂದು ಸಣ್ಣ ಸದ್ದು, ಚೀಲ ಬಿದ್ದಂತೆ.

ಭಾವ ಇಳಿದು ಮುಂದೆ ಹೋದರು. ಮುದುಕರು ರಸ್ತೆಯಲ್ಲಿ ಕೂತು ಬಲಗೈಯನ್ನು ಎದೆಗೆ ಅವುಚಿಕೊಂಡಿದ್ದರು. ಕೊಡೆ ಚಕ್ರದಡಿ ಚಪ್ಪಟೆಯಾಗಿತ್ತು. ಜನ ಸೇರಿ ಬೈಯತೊಡಗಿದರು. ಭಾವ ತಕ್ಕಡಿಯ ಕಡೆ ತಿರುಗಿ ಕೇಳಿದ್ದು ಒಂದೇ: "ಇವರು ಎಲ್ಲಿಂದ ಬಂದ್ರು?"

"ಅಲ್ಲೇ ಇದ್ರು ಭಾವ. ಮೊದಲಿಂದ."

ಅವರು ಬಸ್ಸಿನ ಕೀಲಿ ತೆಗೆದು ಕಂಡಕ್ಟರನ ಕೈಗಿಟ್ಟು, ಮಳೆಯಲ್ಲೇ ಫುಟ್‌ಪಾತಿನ ಅಂಚಿನ ಮೇಲೆ ಕೂತರು. ಆಂಬುಲೆನ್ಸ್ ಬರುವವರೆಗೂ ಮೇಲೇಳಲಿಲ್ಲ.

ಅದೇ ವಾರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವರ ಕಣ್ಣು ನೋಡಿ, "ಎರಡೂ ಕಣ್ಣು ಚೆನ್ನಾಗಿವೆ" ಅಂದರು. ಅಕ್ಕ ಜೋರಾಗಿ ಉಸಿರು ಬಿಟ್ಟಳು. ಡಾಕ್ಟರಮ್ಮ ತಮ್ಮ ಅಂಗೈಯನ್ನು ತಲೆಯ ಹಿಂಭಾಗಕ್ಕೆ ಒತ್ತಿ ತೋರಿಸಿದರು. "ಆದ್ರೆ ಕಣ್ಣು ತಂದುಕೊಟ್ಟಿದ್ದನ್ನ ನೋಡೋದು ಇಲ್ಲಿ. ಇಲ್ಲಿ ಬಲಗಡೆ ನಿಂಬೆಹಣ್ಣಿನಷ್ಟು ಗಡ್ಡೆ ಬೆಳೆದಿದೆ. ನಿಧಾನವಾಗಿ ಬೆಳೆದಿದ್ರಿಂದ ಇವರಿಗೆ ಗೊತ್ತಾಗಿಲ್ಲ. ಎಡಗಡೆ ಕತ್ತಲಾಗಲ್ಲ, ಎಡಗಡೆ ಅನ್ನೋದೇ ಇರಲ್ಲ. ಇಲ್ಲದ್ದನ್ನ ಇಲ್ಲ ಅಂತ ತಿಳಿಯೋದು ಹೇಗೆ?"

ಆಪರೇಷನ್ ಐದು ಗಂಟೆ ಹಿಡಿಯಿತು. ಭಾವ ಉಳಿದರು. ಕಳೆದುಹೋದ ಎಡಗಡೆ ಮಾತ್ರ ಮರಳಲಿಲ್ಲ. ವಿಚಾರಣೆ ನಡೆಯಿತು, ಕಾಯಿಲೆಯೆಂದು ಬರೆದು ಡಿಪೋದವರು ಅವರನ್ನು ಸ್ಟೀರಿಂಗಿನಿಂದ ಇಳಿಸಿ ಟೈಮ್‌ಟೇಬಲ್ ಕೋಣೆಯಲ್ಲಿ ಕೂರಿಸಿದರು. ಅಕ್ಕ ಆರು ತಿಂಗಳು ತಂಗಿಯ ಮುಖ ನೋಡಲಿಲ್ಲ.

ಮುದುಕರು ದರ್ಜಿಯಾಗಿದ್ದರು. ತಕ್ಕಡಿ ಅವರನ್ನು ನೋಡಲು ಹೋದಾಗ ಮಣಿಕಟ್ಟಿನ ಪ್ಲಾಸ್ಟರ್ ತೆಗೆದಿದ್ದರು. ಮೂಳೆ ಕೂಡಿತ್ತು, ಹೆಬ್ಬೆರಳು ಮಡಚುತ್ತಿರಲಿಲ್ಲ. ಅವರು ಬೈಯಲಿಲ್ಲ. ಸೂಜಿಯೊಂದನ್ನು ಹಿಡಿಯಲು ನೋಡಿ, ಬಿದ್ದದ್ದನ್ನು ಹೆಕ್ಕಿ, ಮತ್ತೆ ಹಿಡಿಯಲು ನೋಡಿದರು. "ಕೂಗಿದವರು ನೀವಂತಲ್ಲ. ಇಲ್ಲದಿದ್ರೆ ಇಷ್ಟೂ ಉಳೀತಿರಲಿಲ್ಲ" ಅಂದರು. ಆ ಮಂಗಳವಾರದಿಂದ ಅಪಘಾತವಾದ ಸೋಮವಾರದವರೆಗೆ ಹದಿಮೂರು ದಿನ ತನಗೆ ಗೊತ್ತಿತ್ತು ಅನ್ನುವುದನ್ನು ಹೇಳಲು ಅವಳು ಬಾಯಿ ತೆರೆದಳು. ಅವರ ಹೆಂಡತಿ ಚಹಾ ತಂದಿಟ್ಟರು. ಮಾತು ಹಾಗೇ ಒಳಕ್ಕೆ ಹೋಯಿತು.

ಆಟ ಇನ್ನೂ ಮುಗಿದಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಮೇಷ್ಟ್ರು ಭಾವನನ್ನು ನೋಡಲು ಹೋಗಿದ್ದರು. ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಭಾವ ಹೇಳಿದರಂತೆ: "ನಿಮ್ಮ ಆಟದಲ್ಲಿ ಒಂದು ತಪ್ಪಿದೆ ಮೇಷ್ಟ್ರೇ. ಗೆದ್ದವನಿಗೆ ಮಾತ್ರ ಕಥೆ ಹೇಳ್ತೀರಿ. ಸೋತವನಿಗೆ ಯಾಕೆ ಸೋತೆ ಅಂತ ಒಂದು ಮಾತೂ ಇಲ್ಲ. ಪರದೆ ಕಪ್ಪು ಮಾಡಿ ಮತ್ತೆ ನಿಲ್ಲಿಸಿಬಿಡ್ತೀರಿ."

ಮೇಷ್ಟ್ರು ಹಿಂದಿರುಗಿ ಬಂದವರೇ ಕೊನೆಯ ಅಂಗಳವನ್ನು ಮತ್ತೆ ಬರೆದರು. ಈಟಿಯ ವೇಗ ಮೊದಲಿನಷ್ಟೇ ಉಳಿಯಿತು. ತಕ್ಕಡಿಯೇ ಹಟ ಹಿಡಿದು ಉಳಿಸಿದಳು. ಬಾಗಿಲಿಗೆ ತುಕ್ಕು ಹಿಡಿದ ಕೀಲಿನ ಸದ್ದು ಸೇರಿತು. ಮೂರು ಸಲ ಸೋತವರ ಮುಂದೆ ಕಾವಲುಗಾರ ಕತ್ತಿ ಇಳಿಸಿ, "ನಿನ್ನ ಎಡಗಡೆ ನೋಡು" ಅನ್ನುತ್ತಾನೆ. ಇನ್ನಷ್ಟು ಸೋತರೆ ತನಗೊಬ್ಬಳು ಅಕ್ಕ ಇದ್ದಳೆಂದು, ಅವಳ ಮುಖ ಮರೆತಿದೆಯೆಂದು ಒಂದೊಂದೇ ಮಾತು ಬಿಡುತ್ತಾನೆ. ಬೇಗ ಗೆದ್ದವರಿಗೆ ಅದು ಕೇಳುವುದಿಲ್ಲ. ಬೇಕರಿಯವಳು ಆರು ಸಲ ಸೋತು, ಮುಖವಾಡ ಬೀಳುವ ಮುಂಚೆಯೇ ಅತ್ತಳು. ಮೇಷ್ಟ್ರೂ ತಕ್ಕಡಿಯೂ ಒಬ್ಬರನ್ನೊಬ್ಬರು ನೋಡಿದರು. ಅವತ್ತು ಯಾರಿಗೂ ಸಂಭ್ರಮ ಪಡಬೇಕು ಅನ್ನಿಸಲಿಲ್ಲ.

ಭಾವ ಆ ಆಟವನ್ನು ಮತ್ತೆ ಮುಟ್ಟಲಿಲ್ಲ.

ಗಡ್ಡೆಯ ಒಂದು ಚೂರು ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತು, ಅದನ್ನು ತೆಗೆಯಲಾಗಿರಲಿಲ್ಲ. ಆರಾರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ ನೋಡುತ್ತಿರಬೇಕು ಅಂದಿದ್ದರು ಡಾಕ್ಟರಮ್ಮ. ಮೊದಲ ಸ್ಕ್ಯಾನಿನ ಹಿಂದಿನ ದಿನ ಅಕ್ಕನ ಫೋನು ಬಂತು. ಕ್ಷೇಮ ಸಮಾಚಾರವಿಲ್ಲ, ಏನಿಲ್ಲ. "ನಾಳೆ ಹತ್ತು ಗಂಟೆಗೆ ಬಾ. ನೀನು ಬರದೆ ಒಳಗೆ ಹೋಗಲ್ಲ ಅಂತಿದ್ದಾರೆ."

ಹೋದಳು. ಉದ್ದನೆಯ ಓಣಿ, ಹಸಿರು ಬಣ್ಣದ ಬೆಂಚು. ಭಾವ ಬಡಕಲಾಗಿದ್ದರು. ಡಾಕ್ಟರಮ್ಮ ಕಲಿಸಿದ ಹಾಗೆ ಆಗಾಗ ಬೇಕೆಂದೇ ಕತ್ತು ತಿರುಗಿಸಿ ಎಡಗಡೆ ನೋಡಿಕೊಳ್ಳುತ್ತಿದ್ದರು. ಅಕ್ಕ ಸರಿದು ಜಾಗ ಮಾಡಿಕೊಟ್ಟಳು. ಎರಡು ದಿನದಿಂದ ಭಾವನ ಕೈಯಿಂದ ಲೋಟ ಜಾರುತ್ತಿದೆ ಅಂತ ಅವಳು ತಂಗಿಯ ಕಿವಿಯಲ್ಲಿ ಮೆಲ್ಲಗೆ ಹೇಳಿದಳು. ಡಾಕ್ಟರಿಗೆ ಇನ್ನೂ ಹೇಳಿಲ್ಲವಂತೆ.

"ಈಗಲೇ ಹೇಳೋಣ" ಅಂದಳು ತಕ್ಕಡಿ.

ಒಳಗಿನಿಂದ ಕರೆದರು. ಮೂವರೂ ಎದ್ದರು.